ನೈಟ್ ಡ್ಯೂಟಿಯಲ್ಲಿ ಕೆನ್ನೆಗೆ ಹೊಡೆದರು, ದೂರು ಕೊಡಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ?

ರಾತ್ರಿಪಾಳಿ_ಸಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಯಾವುದು, ಆಸ್ಪತ್ರೆ ಯಾವುದು ಅಂತ ದಯವಿಟ್ಟು ಕೇಳಬೇಡಿ. ಕೆಲಸಕ್ಕೆ ಸೇರಿ 9 ವರ್ಷ ಆಯಿತು. ಬೈಗುಳ ನನಗೆ ಹೊಸದಲ್ಲ. ಮೈಮೇಲೆ ಕೈ ಬಿದ್ದದ್ದು ಇದೇ ಮೊದಲು.

ಹೋದ ಗುರುವಾರ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಇದ್ದದ್ದು ನಾನು, ಡ್ಯೂಟಿ ಡಾಕ್ಟರ್, ಒಬ್ಬ ಗ್ರೂಪ್ ಡಿ ಅಣ್ಣ. ಇಷ್ಟೇ ಜನ. 1.40ಕ್ಕೆ ಓಮ್ನಿಯಲ್ಲಿ ವಯಸ್ಸಾದ ಒಬ್ಬರನ್ನು ಕರೆತಂದರು. ಸಂಜೆಯಿಂದ ಎದೆ ಹಿಡಿದುಕೊಂಡಿತ್ತಂತೆ, ಗ್ಯಾಸ್ ಇರಬೇಕು ಅಂತ ಮನೆಯಲ್ಲೇ ಸೋಡಾ ಕುಡಿಸಿದ್ದಾರೆ. ನಮ್ಮ ಕೈಗೆ ಬಂದಾಗ ನಾಡಿ ಇರಲಿಲ್ಲ. ಆದರೂ ಡಾಕ್ಟರ್ ಮತ್ತು ನಾನು ಸರದಿ ಮೇಲೆ ಎದೆ ಒತ್ತಿದೆವು. 35 ನಿಮಿಷ. ನನ್ನ ಮೊಣಕೈ ಇವತ್ತಿಗೂ ನೋಯುತ್ತಿದೆ. ಕೊನೆಗೆ ಇಸಿಜಿ ತೆಗೆದೆ, ಗೆರೆ ನೆಟ್ಟಗೆ ಬಂತು.

ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ಕಾಂಟ್ರಾಕ್ಟ್ ಮೇಲೆ ಇದ್ದಾರೆ. ಬಾಗಿಲು ಅರ್ಧ ತೆರೆದು "ತುಂಬಾ ಪ್ರಯತ್ನ ಪಟ್ಟೆವು, ಆಗಲಿಲ್ಲ" ಎಂದು ಹೇಳಿ ಕೇಸ್ ಶೀಟ್ ಬರೆಯಲು ಒಳಗೆ ಬಂದರು. ಹೊರಗೆ ಹನ್ನೆರಡು ಹದಿಮೂರು ಜನ ಇದ್ದರು. ಬರೆಯಲು ಹೆಸರು, ವಯಸ್ಸು ಬೇಕಲ್ವಾ? ಕೇಳೋಣ ಅಂತ ನಾನು ಹೊರಗೆ ಹೋದೆ, ಇಸಿಜಿ ಚೀಟಿ ಕೈಯಲ್ಲೇ ಇತ್ತು. "ಹೆಸರು ಆಮೇಲೆ ಕೇಳು, ಮೊದಲು ನಮ್ಮಪ್ಪನ್ನ ಎಬ್ಬಿಸು" ಅಂದ ಮಗ. ನಾನು ಏನೋ ಹೇಳಲು ಬಾಯಿ ತೆರೆದೆ. ಕೆನ್ನೆಗೆ ಬಿತ್ತು. ಕನ್ನಡಕ ಹಾರಿಹೋಯಿತು. ಇನ್ನೊಬ್ಬರು ಯಾರೋ ಐಡಿ ಕಾರ್ಡಿನ ದಾರ ಹಿಡಿದು ಎಳೆದರು, ಕುತ್ತಿಗೆಯಲ್ಲಿ ಕೆಂಪಗೆ ಗೆರೆ ಎದ್ದಿತ್ತು. ಗ್ರೂಪ್ ಡಿ ಅಣ್ಣ ಬಂದು ನನ್ನನ್ನು ಒಳಗೆ ಎಳೆದುಕೊಂಡು ಚಿಲಕ ಹಾಕಿದರು. ಪೊಲೀಸರು ಬರಲು 25 ನಿಮಿಷ ಹಿಡಿಯಿತು. ಅವರೆಲ್ಲ ಹೋದ ಮೇಲೆ ನೆಲದ ಮೇಲೆ ಬಿದ್ದಿದ್ದ ಆ ಇಸಿಜಿ ಚೀಟಿಯನ್ನು ಹುಡುಕಿ, ಚಪ್ಪಲಿ ಗುರುತು ಒರೆಸಿ, ಕೇಸ್ ಶೀಟಿಗೆ ನಾನೇ ಅಂಟಿಸಿದೆ. ಕನ್ನಡಕ ಇಲ್ಲದೆ ಬೆಳಿಗ್ಗೆ 8ರವರೆಗೆ ಡ್ಯೂಟಿ ಮಾಡಿದೆ.

ಮರುದಿನ ಒಬ್ಬ ಮುಖಂಡರು ಬಂದು ಆಡಳಿತಾಧಿಕಾರಿಯ ರೂಮಿನಲ್ಲಿ ಕೂತರು. ನನ್ನನ್ನು ಕರೆಸಿದರು. "ಹುಡುಗ ದುಃಖದಲ್ಲಿದ್ದ, ಕೈ ತಪ್ಪಿ ಆಗಿದೆ. ಕನ್ನಡಕದ ದುಡ್ಡು ಕೊಡಿಸೋಣ, ರಾಜಿ ಮಾಡಿಕೊಳ್ಳಿ." ಸಾಹೇಬರೂ ಅದನ್ನೇ ಹೇಳಿದರು. ದೂರು ಕೊಟ್ಟರೆ ಕೋರ್ಟು, ಸಾಕ್ಷಿ ಅಂತ ಐದಾರು ವರ್ಷ ಅಲೆಯಬೇಕು, ಊರಲ್ಲಿ ಓಡಾಡುವುದು ನೀವೇ ಅಲ್ವಾ ಎಂದರು. ಮನೆಯಲ್ಲಿ ಯಜಮಾನರೂ ಸುಮ್ನೆ ಬಿಟ್ಟುಬಿಡು ಎನ್ನುತ್ತಿದ್ದಾರೆ. ಆ ಮಗನ ಮೇಲೆ ನನಗೆ ದ್ವೇಷ ಇಲ್ಲ, ಅವನ ಅಪ್ಪ ಆಗಷ್ಟೇ ಹೋಗಿದ್ದರು. ಆದರೆ ಬಾಗಿಲು ಜೋರಾಗಿ ಬಡಿದ ಸದ್ದು ಕೇಳಿದರೆ ಈಗ ಕೈ ನಡುಗುತ್ತದೆ. ಐವಿ ಹಾಕುವ ಕೈ ಅದು.

ನಾಲ್ಕು ದಿನ ಆಯಿತು. ಈಗ ದೂರು ಕೊಟ್ಟರೆ ತೆಗೆದುಕೊಳ್ಳುತ್ತಾರಾ? ಕೊಡಲೇಬೇಕಾ? ಅಂಥ ರಾತ್ರಿ ಮತ್ತೆ ಬಂದರೆ ನಾವು ಮೂವರೇ ಏನು ಮಾಡಬೇಕು? ಅನುಭವ ಇರುವವರು ಹೇಳಿ.

ಮಲೆನಾಡ_ಮಳೆ ಬರೆದದ್ದು:

ಸಿಸ್ಟರ್, ಓದಿ ಸಂಕಟ ಆಯಿತು. ಆದರೂ ನನ್ನ ಅಭಿಪ್ರಾಯ ಬೇರೆ. ಅಪ್ಪ ಸತ್ತ ರಾತ್ರಿ ಮನುಷ್ಯ ಅವನ ಹಿಡಿತದಲ್ಲಿ ಅವನೇ ಇರುವುದಿಲ್ಲ. ಕೇಸ್ ಬಿದ್ದರೆ ಆ ಹುಡುಗನ ಕೆಲಸ, ಪಾಸ್‌ಪೋರ್ಟ್ ಎಲ್ಲಕ್ಕೂ ತೊಂದರೆ. ಎಲ್ಲರೆದುರು ಕ್ಷಮೆ ಕೇಳಿಸಿ ಬಿಟ್ಟುಬಿಡಿ. ನಿಮ್ಮ ಮನಸ್ಸಿಗೂ ಅದೇ ಒಳ್ಳೆಯದು ಅನಿಸುತ್ತದೆ.

ವಕೀಲ_ದಾವಣಗೆರೆ ಬರೆದದ್ದು:

ಮಲೆನಾಡ_ಮಳೆ ಅವರೇ, ನಿಮ್ಮ ಮಾತಿನಲ್ಲಿ ಕರುಣೆ ಇದೆ, ಅದನ್ನು ತಪ್ಪು ಎನ್ನುವುದಿಲ್ಲ. ಆದರೆ ಪಕ್ಕದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಿಗೆ ಯಾರಾದರೂ ಹೊಡೆದಿದ್ದರೆ ಆ ಸಾಹೇಬರು ಇದೇ ಮಾತು ಹೇಳುತ್ತಿದ್ದರಾ? ನರ್ಸ್ ಎಂದ ತಕ್ಷಣ ತಾಳ್ಮೆ ಅವರ ಡ್ಯೂಟಿಯಲ್ಲೇ ಸೇರಿದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ.

ಸಿಸ್ಟರ್, ನಾಲ್ಕು ದಿನ ತಡ ಆಯಿತು ಅಂತ ಹೆದರಬೇಡಿ. ತಡ ಯಾಕಾಯಿತು ಎಂದು ದೂರಿನಲ್ಲೇ ಒಂದು ಸಾಲು ಬರೆಯಿರಿ. ರಾಜಿಗೆ ಒತ್ತಾಯ ಇತ್ತು, ಭಯ ಇತ್ತು. ನಿಜ ಅದೇ ತಾನೆ, ಅದನ್ನೇ ಬರೆಯಿರಿ.

ನಮ್ಮ ರಾಜ್ಯದಲ್ಲಿ ಇದಕ್ಕೆ ಅಂತಲೇ 2009ರ ಕಾನೂನು ಇದೆ, ವೈದ್ಯಕೀಯ ಸೇವಾ ಸಿಬ್ಬಂದಿ ಮೇಲಿನ ಹಿಂಸೆ ಮತ್ತು ಆಸ್ಪತ್ರೆಯ ಆಸ್ತಿ ಹಾನಿ ತಡೆಯಲು ಮಾಡಿದ್ದು. ಡಾಕ್ಟರಿಗೆ ಮಾತ್ರ ಅಲ್ಲ, ನರ್ಸ್, ನರ್ಸಿಂಗ್ ವಿದ್ಯಾರ್ಥಿಗಳು, ಪ್ಯಾರಾಮೆಡಿಕಲ್ ಸಿಬ್ಬಂದಿ ಎಲ್ಲರೂ ಅದರಲ್ಲಿ ಬರುತ್ತಾರೆ. ಸರ್ಕಾರಿ ಆಸ್ಪತ್ರೆಗೂ ಅನ್ವಯ, ಖಾಸಗಿಗೂ ಅನ್ವಯ. 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಅಂತ ಅದನ್ನು ತಂದಾಗಲೇ ಇಟ್ಟಿದ್ದರು. ಜಾಮೀನು ಸಿಗದ ಅಪರಾಧ. ಉಪಕರಣ ಒಡೆದರೆ ಬೆಲೆಯ ಎರಡು ಪಟ್ಟು ಕಟ್ಟಬೇಕು. ಎಷ್ಟೋ ಠಾಣೆಗಳಲ್ಲಿ ಈ ಕಾಯ್ದೆಯ ಹೆಸರನ್ನೇ ನಾವು ನೆನಪಿಸಬೇಕಾಗುತ್ತದೆ. ಹಾಗಾಗಿ ದೂರಿನಲ್ಲೇ ಕಾಯ್ದೆಯ ಹೆಸರು ಮತ್ತು ವರ್ಷ ಬರೆದುಬಿಡಿ.

ನೀವು ಸರ್ಕಾರಿ ನೌಕರರು ಆದ್ದರಿಂದ ಭಾರತೀಯ ನ್ಯಾಯ ಸಂಹಿತೆಯ 121 ಮತ್ತು 132ನೇ ಕಲಂಗಳೂ ಬರುತ್ತವೆ. ಹಳೆಯ ಐಪಿಸಿಯಲ್ಲಿ 332, 353 ಎನ್ನುತ್ತಿದ್ದೆವಲ್ಲ, ಅವೇ. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಇನ್ನೊಂದು ಮುಖ್ಯ ವಿಷಯ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ ಮಾಡಿ ಹಲ್ಲೆ ಮಾಡುವುದು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲೇ ಇಲ್ಲ. ಆಡಳಿತಾಧಿಕಾರಿ ರೂಮಿನಲ್ಲಿ ಟೀ ಕುಡಿದು ಮಾಡುವ ರಾಜಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಯಾವ ಕಾಗದ ಮುಂದೆ ಇಟ್ಟರೂ ಸಹಿ ಮಾಡಬೇಡಿ.

ಇವತ್ತೇ ಮಾಡಬೇಕಾದ ಕೆಲಸ ಎಂದರೆ ಸಿಸಿಟಿವಿ. ಎಷ್ಟೋ ಕಡೆ ಎರಡು ಮೂರು ವಾರದಲ್ಲಿ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂತುಬಿಡುತ್ತದೆ. "ಇಂಥ ದಿನ, ಇಂಥ ಗಂಟೆಯ ದೃಶ್ಯ ಅಳಿಸಬೇಡಿ" ಎಂದು ಅರ್ಜಿ ಬರೆದು ಕೊಡಿ, ನಕಲಿನ ಮೇಲೆ ಆಸ್ಪತ್ರೆಯ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತು ಸಾಲದು. ನೀವೂ ಒಬ್ಬ ರೋಗಿಯಾಗಿ ಚೀಟಿ ಮಾಡಿಸಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆ ದಾಖಲೆ) ಬರೆಸಿ, ವೂಂಡ್ ಸರ್ಟಿಫಿಕೇಟ್ ಅಂದರೆ ಗಾಯದ ಪ್ರಮಾಣಪತ್ರ ಬೇಕಾಗುತ್ತದೆ. ಆಸ್ಪತ್ರೆಯ ಸಿಬ್ಬಂದಿಯೇ ಇದನ್ನು ಮರೆಯುವುದು ನೋಡಿದ್ದೇನೆ, ಊರಿಗೆಲ್ಲ ಎಂಎಲ್‌ಸಿ ಬರೆಯುವವರು ತಮಗೆ ಪೆಟ್ಟಾದಾಗ ಬರೆಸಿಕೊಳ್ಳುವುದಿಲ್ಲ. ಕುತ್ತಿಗೆಯ ಗೆರೆ ಮಾಸಿರಬಹುದು, ಅವತ್ತು ಫೋಟೋ ತೆಗೆದಿದ್ದರೆ ಹಾಗೇ ಇಟ್ಟುಕೊಳ್ಳಿ. ಒಡೆದ ಕನ್ನಡಕ ಬಿಸಾಡಬೇಡಿ.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಬರವಣಿಗೆಯಲ್ಲಿ ಅಂಚೆ ಮೂಲಕ ಎಸ್‌ಪಿಗೆ ಕಳಿಸುವ ಹಕ್ಕು ಕಾನೂನಿನಲ್ಲೇ ಇದೆ. ಎಫ್‌ಐಆರ್ ಆದರೆ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು, ಕೇಳಿ ಪಡೆಯಿರಿ.

ನಿಜ ಹೇಳಬೇಕೆಂದರೆ ದೂರು ಕೊಡಬೇಕಾದದ್ದು ನೀವಲ್ಲ, ಆಸ್ಪತ್ರೆ. ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ಆದ ವಾರದಲ್ಲೇ, 2024ರ ಆಗಸ್ಟ್ 16ರಂದು, ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಆಸ್ಪತ್ರೆಗಳಿಗೆ ಒಂದು ಆದೇಶ ಕಳಿಸಿತು. ಡ್ಯೂಟಿಯಲ್ಲಿರುವ ಸಿಬ್ಬಂದಿ ಮೇಲೆ ಹಲ್ಲೆಯಾದರೆ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ದೂರು ಕೊಟ್ಟು ಎಫ್‌ಐಆರ್ ಮಾಡಿಸಬೇಕು ಎಂದು. ಅದು ಕೇಂದ್ರದ ಆಸ್ಪತ್ರೆಗಳಿಗೆ ಹೋದ ಆದೇಶ, ನಿಮ್ಮ ಸಾಹೇಬರನ್ನು ಅದು ಕಟ್ಟಿಹಾಕುವುದಿಲ್ಲ. ಆದರೆ ತೋರಿಸಿ. ಪೆಟ್ಟು ತಿಂದವರೇ ಒಬ್ಬರೇ ಹೋಗಿ ಠಾಣೆ ಬೆಂಚಿನ ಮೇಲೆ ಕೂರಬೇಕಾದ ಸ್ಥಿತಿ ಇರುವವರೆಗೆ ಯಾವ ಕಾನೂನು ಬಂದರೂ ಅಷ್ಟೇ.

ಹಳೇ_ಮೇಟ್ರನ್ ಬರೆದದ್ದು:

ಮಗಳೇ, ಮೊದಲು ಒಂದು ಮಾತು. ಕೈ ನಡುಗುವುದು ದೌರ್ಬಲ್ಯ ಅಲ್ಲ. ನನಗೂ ಒಮ್ಮೆ ಆಗಿತ್ತು, ತಿಂಗಳುಗಟ್ಟಲೆ ಇತ್ತು. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಒಬ್ಬರನ್ನು ನೋಡಿ ಮಾತಾಡು. ಕನ್ನಡಕಕ್ಕೆ ದುಡ್ಡು ಕೊಡುತ್ತೇವೆ ಎನ್ನುವವರಿಗೆ ಈ ಪೆಟ್ಟು ಕಾಣಿಸುವುದಿಲ್ಲ.

34 ವರ್ಷ ವಾರ್ಡುಗಳಲ್ಲಿ ಕಳೆದವಳು ನಾನು. ನಾವು ಟ್ರೈನಿಂಗಿನಲ್ಲಿದ್ದಾಗ ಹಿರಿಯ ಸಿಸ್ಟರ್‌ಗಳು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ಹೆಸರು ಅರುಣಾ ಶಾನಭಾಗ. ಹೊನ್ನಾವರದ ಹತ್ತಿರ ಹಳದೀಪುರದ ಹುಡುಗಿ, ನಮ್ಮ ಉತ್ತರ ಕನ್ನಡದವಳು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋಗಿದ್ದಳು. ಅಲ್ಲೇ ಕೆಲಸ ಮಾಡುತ್ತಿದ್ದವನೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ಹೋಗುವುದು ನಿಂತಿತು. ಆಮೇಲೆ 2015ರ ಮೇ 18ರವರೆಗೆ, 41 ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಳು. ಅವಳಿಗೆ ಊಟ ತಿನ್ನಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿದವರು ಆ ಆಸ್ಪತ್ರೆಯ ನರ್ಸ್‌ಗಳು. ಅವಳು ಬಿದ್ದಾಗ ಹುಟ್ಟಿಯೇ ಇರದ ಹುಡುಗಿಯರು ಕೆಲಸಕ್ಕೆ ಸೇರಿ ಅವಳನ್ನು ನೋಡಿಕೊಂಡರು. ಹೊಡೆದವನಿಗೆ ಆದದ್ದು 7 ವರ್ಷ ಶಿಕ್ಷೆ. ಅದೂ ಹಲ್ಲೆಗೆ ಮತ್ತು ದರೋಡೆಗೆ, ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ.

ಅವಳಿಗೆ ದಯಾಮರಣ ಕೊಡಬೇಕೆಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಅವಳ ಹೆಸರು ಎಲ್ಲರಿಗೂ ಗೊತ್ತಾಯಿತು. ನಮಗೆ ನರ್ಸ್‌ಗಳಿಗೆ ಅವಳ ಕತೆ ಎಂದರೆ ಬಟ್ಟೆ ಬದಲಿಸಲು ಒಂದು ಸುರಕ್ಷಿತ ಕೋಣೆ ಇರಲಿಲ್ಲ ಎನ್ನುವುದು. ಆರ್‌ಜಿ ಕರ್‌ನಲ್ಲಿ ಆ ಹುಡುಗಿ ಡ್ಯೂಟಿ ನಡುವೆ ಮಲಗಲು ಹೋದದ್ದು ಸೆಮಿನಾರ್ ಹಾಲಿಗೆ. ಎರಡರ ನಡುವೆ ಅರ್ಧ ಶತಮಾನ ಇದೆ. ನಿಮ್ಮ ಆಸ್ಪತ್ರೆಯಲ್ಲಿ ನೈಟ್ ಸಿಸ್ಟರ್‌ಗೆ ಒಳಗಿನಿಂದ ಚಿಲಕ ಇರುವ ಕೋಣೆ ಇದೆಯಾ? ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದೀಪ ಇದೆಯಾ? ದೂರಿನ ಜೊತೆ ಇದನ್ನೂ ಬರೆದು ಕೊಡು.

ಈಗ ಆ ರಾತ್ರಿಯ ವಿಷಯ. ಬೇಜಾರು ಮಾಡಿಕೊಳ್ಳಬೇಡ, ತಪ್ಪು ನಿನ್ನದು ಅಂತ ಹೇಳುತ್ತಿಲ್ಲ. ಸಾವಿನ ಸುದ್ದಿಯನ್ನು ಬಾಗಿಲ ಸಂದಿಯಿಂದ ಹೇಳಬಾರದು. "ಆಗಲಿಲ್ಲ" ಎಂದರೆ ಮನೆಯವರಿಗೆ ಏನು ಅರ್ಥ? ಇಲ್ಲಿ ಆಗಲಿಲ್ಲ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಅಂತಲೂ ಅರ್ಥ ಆಗುತ್ತದೆ. ಆ ಮಗ "ಎಬ್ಬಿಸು" ಎಂದ ಅಂತ ಬರೆದಿದ್ದೀಯ ನೋಡು, ಅಪ್ಪ ಹೋಗಿದ್ದಾರೆ ಅಂತ ಅವನಿಗೆ ಇನ್ನೂ ತಲೆಗೆ ಹೋಗಿರಲಿಲ್ಲ.

ನಾನು ಮಾಡುತ್ತಿದ್ದದ್ದು ಹೀಗೆ. ಎದೆ ಒತ್ತುತ್ತಿರುವಾಗಲೇ, ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಹೊರಗೆ ಹೋಗಿ ಒಂದು ಮಾತು ಹೇಳಬೇಕು. ನೀವಿಬ್ಬರೂ ಒತ್ತುತ್ತಿದ್ದರೆ ಗ್ರೂಪ್ ಡಿ ಅಣ್ಣನೇ ಹೋಗಲಿ. "ಹೃದಯ ನಿಂತಿದೆ, ಡಾಕ್ಟರ್ ಒತ್ತುತ್ತಿದ್ದಾರೆ, ಪರಿಸ್ಥಿತಿ ಚೆನ್ನಾಗಿಲ್ಲ." ಅಷ್ಟು ಸಾಕು. ಮನೆಯ ಹಿರಿಯರು ಒಬ್ಬರನ್ನು ಒಳಗೆ ಕರೆದು ಮೂಲೆಯಲ್ಲಿ ನಿಲ್ಲಿಸಿದರೂ ತಪ್ಪಿಲ್ಲ, ನೀವು ಬೆವರು ಸುರಿಸುತ್ತಿರುವುದನ್ನು ಕಣ್ಣಾರೆ ಕಂಡವರು ಹೊರಗೆ ಹೋಗಿ ನಿಮ್ಮ ಪರವಾಗಿ ಮಾತಾಡುತ್ತಾರೆ. ಕೊನೆಗೆ ಹೇಳುವಾಗ ಇಬ್ಬರು ಹೋಗಿ, ಮನೆಯವರಲ್ಲಿ ಇಬ್ಬರು ಮೂವರನ್ನು ಮಾತ್ರ ಕರೆದು ಕೂರಿಸಿ, "ತೀರಿಕೊಂಡರು" ಎಂಬ ಮಾತನ್ನೇ ಬಳಸಿ. ಹೇಳಿ ಸುಮ್ಮನಿರಿ. ಅಳಲು ಬಿಡಿ. ಹೆಸರು ವಯಸ್ಸು ಅರ್ಧ ಗಂಟೆ ಆದ ಮೇಲೆ ಕೇಳಿದರೂ ಆಕಾಶ ಬೀಳುವುದಿಲ್ಲ. ನೀವು ಬಾಗಿಲ ಹತ್ತಿರದ ಜಾಗದಲ್ಲೇ ಇರಿ, ಬಾಗಿಲಿಗೂ ನಿಮಗೂ ನಡುವೆ ಯಾರೂ ಬರದ ಹಾಗೆ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಕೈ ಬೀಳುತ್ತದೆ. ಬಿದ್ದರೆ ದೂರು ಕೊಡಬೇಕು. ನಾನು ಆ ಕಾಲದಲ್ಲಿ ಕೊಡಲಿಲ್ಲ. ನಂತರ ಬಂದ ಹುಡುಗಿಯರಿಗೂ "ಸುಮ್ಮನಿರು" ಎಂದೇ ಹೇಳಿಕೊಟ್ಟೆ. ಅದು ಇವತ್ತಿಗೂ ಕೊರೆಯುತ್ತದೆ.

ಹಾಸನದವನು ಬರೆದದ್ದು:

ನಾನು ಆಸ್ಪತ್ರೆಯವನಲ್ಲ. ಬಾಗಿಲ ಆ ಕಡೆ ನಿಂತಿದ್ದವನು. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ಅಮ್ಮನನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಒಳಗೆ ಬಿಡುವಂತಿಲ್ಲ, ಅದು ಗೊತ್ತಿತ್ತು. ಆದರೆ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಯಾರೂ ಒಂದು ಮಾತು ಹೇಳಲಿಲ್ಲ. ಅಡ್ವಾನ್ಸ್ ಕಟ್ಟಿ ಅಂತ ಮಾತ್ರ ಮೂರು ಸಲ ಕರೆದರು. ಸಂಜೆ ಒಬ್ಬ ಹುಡುಗಿ, ಮೈತುಂಬ ಪಿಪಿಇ ಕಿಟ್, ಹೊರಗೆ ಬಂದು ನಮ್ಮ ಹೆಸರು ಕೂಗಿ, ಬಾಡಿ ಪ್ಯಾಕ್ ಮಾಡುತ್ತಿದ್ದೇವೆ, ಸಹಿ ಹಾಕಿ ಎಂದಳು. ಅಮ್ಮ ಹೋದದ್ದು ನನಗೆ ಗೊತ್ತಾದದ್ದು ಆ ಮಾತಿನಿಂದ.

ನಾನು ಕೈ ಎತ್ತಿದೆ. ಹೊಡೆಯಲಿಲ್ಲ, ತಮ್ಮ ಹಿಡಿದುಕೊಂಡ. ಆದರೆ ಬಾಗಿಲಿಗೆ ಒದ್ದೆ. ಗಾಜು ಒಡೆಯಿತು. ಆ ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಮುಖದ ಶೀಲ್ಡಿನ ಒಳಗೆ ಉಸಿರಿನ ಹಬೆ ಬಂದು ಹೋಗಿ ಮಾಡುತ್ತಿತ್ತು. ವಯಸ್ಸು 22, 23 ಇರಬಹುದು. ಅವತ್ತು ಅವಳು ಎಷ್ಟು ಜನರಿಗೆ ಹೀಗೆ ಹೇಳಿದ್ದಳೋ. ಅವಳಿಗೆ ಯಾರೂ ಹೇಳುವುದು ಹೇಗೆ ಅಂತ ಕಲಿಸಿರಲಿಲ್ಲ. ಬಿಲ್ಲಿನ ವಿಷಯ ತೀರ್ಮಾನಿಸಿದವರು ಯಾರೂ ಆ ಬಾಗಿಲಿಗೆ ಬರಲಿಲ್ಲ, ಅವಳನ್ನು ಕಳಿಸಿದರು.

ಅಮ್ಮನ ಎದೆ ಮೇಲೆ ನೀಲಿ ಗುರುತು ಇತ್ತು. ಹೊಡೆದು ಸಾಯಿಸಿದ್ದಾರೆ ಎಂದೇ ನಾವು ಒಂದು ವರ್ಷ ನಂಬಿದ್ದೆವು. ಎದೆ ಒತ್ತುವಾಗ ಪಕ್ಕೆಲುಬು ಮುರಿಯಬಹುದು, ಸರಿಯಾಗಿ ಒತ್ತಿದರೂ ಮುರಿಯುತ್ತದೆ ಅಂತ ಆಮೇಲೆ ಊರಿನ ಡಾಕ್ಟರೊಬ್ಬರು ಕೂರಿಸಿ ಹೇಳಿದರು. ಒಂದೇ ಒಂದು ನಿಮಿಷದ ಮಾತು ಅದು. ಅವತ್ತೇ ಹೇಳಿದ್ದರೆ!

ಇನ್ನೊಂದು. ಬಾಕಿ ಕಟ್ಟದೆ ಶವ ಕೊಡುವುದಿಲ್ಲ ಅಂತ ಅವತ್ತು ಹೇಳಿದ್ದರು. 2017ರಲ್ಲಿ ನಮ್ಮ ರಾಜ್ಯ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದಾಗಲೇ ಹಾಗೆ ತಡೆಹಿಡಿಯುವಂತಿಲ್ಲ ಎಂದು ಸೇರಿಸಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಸಿಬ್ಬಂದಿಗೆ ರಕ್ಷಣೆ ಬೇಕು ಎನ್ನುವವರು ಇದನ್ನೂ ಜೊತೆಗೇ ಕೇಳಬೇಕು. ಕೌಂಟರಿನಲ್ಲಿ ಹುಟ್ಟಿದ ಸಿಟ್ಟನ್ನು ವಾರ್ಡಿನಲ್ಲಿರುವ ನರ್ಸ್ ತಿನ್ನುತ್ತಾಳೆ.

ಸಿಸ್ಟರ್, ದೂರು ಕೊಡಿ. ನನ್ನ ಮೇಲೂ ಅವತ್ತು ದೂರು ಆಗಿದ್ದರೆ ಅದು ನ್ಯಾಯವೇ ಆಗಿರುತ್ತಿತ್ತು. ಆ ಹುಡುಗಿಗೆ ಕ್ಷಮೆ ಕೇಳಬೇಕು ಅಂತ ಆರು ತಿಂಗಳ ಮೇಲೆ ಹೋದೆ. ಕೆಲಸ ಬಿಟ್ಟು ಹೋಗಿದ್ದಳು.

ನಿವೃತ್ತ_ಹವಾಲ್ದಾರ್ ಬರೆದದ್ದು:

ಸೈನ್ಯದಿಂದ ಬಂದ ಮೇಲೆ 6 ವರ್ಷ ಒಂದು ಆಸ್ಪತ್ರೆಯಲ್ಲಿ ಸೆಕ್ಯುರಿಟಿ ಕೆಲಸ ಮಾಡಿದೆ. ಏಜೆನ್ಸಿ ಮೂಲಕ. ರಾತ್ರಿ ನಾವು ಇಬ್ಬರು. ಒಬ್ಬ ಗೇಟಿನಲ್ಲಿ ಗಾಡಿ ನಿಲ್ಲಿಸಬೇಕು, ಇನ್ನೊಬ್ಬ ಮೂರು ಮಹಡಿ ತಿರುಗಬೇಕು. ಕ್ಯಾಶುವಾಲ್ಟಿಯಲ್ಲಿ ಗಲಾಟೆ ಆದರೆ ಸಿಸ್ಟರ್ ಕಿರುಚಿದ್ದು ನನಗೆ ಕೇಳಿಸಬೇಕು, ಕೇಳಿಸಿದರೆ ಓಡಬೇಕು. ಹತ್ತು ಜನರ ಮುಂದೆ ಒಂದು ಲಾಠಿ ಹಿಡಿದು ನಿಂತು ಏನು ಮಾಡುವುದು?

ಜನ ಪೊಲೀಸ್ ಹಾಕಿ ಎನ್ನುತ್ತಾರೆ. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ 2023ರ ಮೇ 10ರಂದು ಹೌಸ್ ಸರ್ಜನ್ (ತರಬೇತಿಯಲ್ಲಿದ್ದ ಡಾಕ್ಟರ್) ಒಬ್ಬಳನ್ನು ಕೊಂದವನನ್ನು ಕರೆತಂದದ್ದೇ ಪೊಲೀಸರು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದಾಗ ಅಲ್ಲೇ ಇದ್ದ ಕತ್ತರಿ ತೆಗೆದುಕೊಂಡು ಇರಿದ. ಅದಾದ ಮೇಲೆ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದು ಶಿಕ್ಷೆ 7 ವರ್ಷದವರೆಗೆ ಏರಿಸಿತು. ಒಳ್ಳೆಯದೇ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಆ ಕತ್ತರಿ. ನಾನು ಆ ಸುದ್ದಿ ಓದಿದ ರಾತ್ರಿಯೇ ನಮ್ಮ ಡ್ರೆಸ್ಸಿಂಗ್ ರೂಮಿಗೆ ಹೋಗಿ ನೋಡಿದೆ. ಟ್ರೇ ತೆರೆದೇ ಇತ್ತು, ರೋಗಿ ಕೂರುವ ಸ್ಟೂಲಿನಿಂದ ಕೈಯಳತೆಯಲ್ಲಿ. ಮಾರನೇ ದಿನ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ ಟ್ರೇಯನ್ನು ಅವರ ಬೆನ್ನ ಹಿಂದಿನ ಕಪಾಟಿಗೆ ಸರಿಸಿದೆವು. ಖರ್ಚು ಏನೂ ಇಲ್ಲ.

ಇಂಥವು ಇನ್ನೂ ಇವೆ. ಕ್ಯಾಶುವಾಲ್ಟಿಗೆ ಎರಡು ಬಾಗಿಲು ಇರಬೇಕು, ಒಂದು ಸಿಬ್ಬಂದಿ ಓಡಿಹೋಗಲು. ಎಷ್ಟೋ ಕಡೆ ಆ ಎರಡನೇ ಬಾಗಿಲಿಗೆ ಹಳೆ ಮಂಚ ಅಡ್ಡ ಇಟ್ಟಿರುತ್ತಾರೆ. ಐಡಿ ಕಾರ್ಡಿನ ದಾರ ಎಳೆದರೆ ಬಿಚ್ಚಿಕೊಳ್ಳುವಂಥದ್ದು ಸಿಗುತ್ತದೆ, ಕುತ್ತಿಗೆಗೆ ಉರುಳಾಗುವುದಿಲ್ಲ. ಗಂಟೆ ಬಾರಿಸುವ ಒಂದು ಗುಂಡಿ ಮೇಜಿನ ಕೆಳಗೆ, ಅದರ ಸದ್ದು ಗೇಟಿಗೂ ಹೆರಿಗೆ ವಾರ್ಡಿಗೂ ಕೇಳಬೇಕು. ನಮ್ಮಲ್ಲಿ ಗಂಟೆ ಬಾರಿಸಿದರೆ ಎಲ್ಲ ವಾರ್ಡಿನಿಂದ ಒಬ್ಬೊಬ್ಬರು ಬಂದು ಸುಮ್ನೆ ನಿಲ್ಲಬೇಕು ಅಂತ ಮಾಡಿಕೊಂಡಿದ್ದೆವು. ಯಾರೂ ಮಾತಾಡುವುದು ಬೇಡ, ಬರೀ ನಿಲ್ಲುವುದು. ಎಂಟು ಜನ ಬಿಳಿ ಬಟ್ಟೆಯವರು ನಿಂತರೆ ಮುಂದೆ ಬಂದವರ ಕಾಲು ಅಲ್ಲೇ ನಿಲ್ಲುತ್ತದೆ.

ಮತ್ತೆ, ಒಬ್ಬ ರೋಗಿಗೆ ಒಬ್ಬರೇ ಅಟೆಂಡರ್ ಎಂಬ ನಿಯಮ. ಹಗಲಿನಲ್ಲೇ ಪಾಲಿಸದಿದ್ದರೆ ರಾತ್ರಿ ನಡೆಯುವುದಿಲ್ಲ. ಮುಖಂಡರ ಕಡೆಯವರು ಎಂದ ತಕ್ಷಣ ಗೇಟು ತೆರೆಯಿರಿ ಅಂತ ಒಳಗಿನಿಂದಲೇ ಫೋನ್ ಬರುತ್ತಿತ್ತು.

ಉಡುಪಿಯಿಂದ_ಲೀಡ್ಸ್‌ಗೆ ಬರೆದದ್ದು:

ಇಂಗ್ಲೆಂಡಿನಲ್ಲಿ ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಪ್ರತಿ ವರ್ಷ ಸಿಬ್ಬಂದಿಯನ್ನೇ ಕೇಳಿ ಸಮೀಕ್ಷೆ ಮಾಡುತ್ತದೆ, ರೋಗಿಗಳಿಂದಲೋ ಅವರ ಕಡೆಯವರಿಂದಲೋ ಒಂದು ವರ್ಷದಲ್ಲಿ ಪೆಟ್ಟು ತಿಂದವರು ಹೆಚ್ಚು ಕಡಿಮೆ ಏಳರಲ್ಲಿ ಒಬ್ಬರು. 2018ರಲ್ಲಿ ತುರ್ತು ಸೇವೆಯವರ ಮೇಲಿನ ಹಲ್ಲೆಗೆ ಅಂತ ಬೇರೆ ಕಾನೂನು ಬಂತು, 2022ರಲ್ಲಿ ಗರಿಷ್ಠ ಶಿಕ್ಷೆಯನ್ನು 2 ವರ್ಷಕ್ಕೆ ಏರಿಸಿದರು. ಆದರೂ ನಮ್ಮಲ್ಲಿ ಶನಿವಾರ ರಾತ್ರಿ ಎಂದರೆ ಎಲ್ಲರಿಗೂ ಒಂದು ಥರ ಬಿಗಿ.

ಇಲ್ಲಿ ಕಲಿತದ್ದು ಒಂದು, ಬರೆದಿಡುವುದು. ಉಗುಳಿದರೂ, ತಳ್ಳಿದರೂ, ಬೆದರಿಸಿದರೂ ಅವತ್ತೇ ಕಂಪ್ಯೂಟರಿನಲ್ಲಿ ಫಾರಂ ತುಂಬುತ್ತೇವೆ. ಪೊಲೀಸರವರೆಗೆ ಹೋಗದ ಸಣ್ಣಪುಟ್ಟದ್ದೂ ಬರೆಯುತ್ತೇವೆ. ಆರು ತಿಂಗಳ ಫಾರಂ ಒಟ್ಟಿಗೆ ನೋಡಿದಾಗ ಯಾವ ಕೋಣೆಯಲ್ಲಿ, ಯಾವ ಗಂಟೆಯಲ್ಲಿ ಜಾಸ್ತಿ ಆಗುತ್ತದೆ ಅಂತ ಕಾಣುತ್ತದೆ. ಸಿಸ್ಟರ್, ಒಂದು 200 ಪುಟದ ನೋಟ್‌ಬುಕ್ ಸಾಕು. ತಾರೀಕು, ಸಮಯ, ಏನಾಯಿತು, ಯಾರಿದ್ದರು. ಡ್ಯೂಟಿ ಹಸ್ತಾಂತರ ಮಾಡುವಾಗ ಅದನ್ನೂ ಹಸ್ತಾಂತರಿಸಿ. ಹೆಚ್ಚುವರಿ ಸಿಬ್ಬಂದಿ ಕೇಳುವಾಗ ಬರೀ ಭಯ ಆಗುತ್ತದೆ ಅಂದರೆ ಯಾರೂ ಕೊಡುವುದಿಲ್ಲ, 43 ಘಟನೆಯ ಪುಸ್ತಕ ಮುಂದಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನೊಂದನ್ನು ಯಾರೂ ಹೇಳಲಿಲ್ಲ. ಹೊಡೆಯುವ ಎಲ್ಲರೂ ಅಪರಾಧಿಗಳಲ್ಲ. ಸಕ್ಕರೆ ಇಳಿದವರು, ತಲೆಗೆ ಪೆಟ್ಟಾದವರು, ಮರೆವಿನ ಕಾಯಿಲೆಯ ಅಜ್ಜಂದಿರು, ಕುಡಿತ ನಿಲ್ಲಿಸಿ ಎರಡು ಮೂರು ದಿನಕ್ಕೆ ನಡುಕ ಹತ್ತಿದವರು. ಕೈ ಎತ್ತಿದ ರೋಗಿಗೆ ಮೊದಲು ಶುಗರ್ ನೋಡಬೇಕು, ಆಮೇಲೆ ಉಳಿದದ್ದು. ಅವರಿಗೆ ಬೇಕಾದದ್ದು ಎಫ್‌ಐಆರ್ ಅಲ್ಲ, ಚಿಕಿತ್ಸೆ ಮತ್ತು ಹಿಡಿದುಕೊಳ್ಳಲು ನಾಲ್ಕು ಜನ. ನಿಮ್ಮ ಕೇಸ್ ಹಾಗಲ್ಲ. ಆದರೆ ನೋಟ್‌ಬುಕ್‌ನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ.

ಮಲೆನಾಡ_ಮಳೆ ಬರೆದದ್ದು:

ಹಾಸನದವರ ಮಾತು ಓದಿದೆ. ನಾನು ಆ ಮಗನ ಬಗ್ಗೆ ಮಾತ್ರ ಯೋಚಿಸಿದ್ದೆ, ನಡುಗುವ ಕೈಯ ಬಗ್ಗೆ ಯೋಚಿಸಲೇ ಇಲ್ಲ. ಕ್ಷಮಿಸಿ ಸಿಸ್ಟರ್. ಠಾಣೆಗೆ ಜೊತೆಗೆ ಯಾರಾದರೂ ಇದ್ದಾರಾ? ಒಬ್ಬರೇ ಹೋಗಬೇಡಿ.

ರಾತ್ರಿಪಾಳಿ_ಸಿಸ್ಟರ್ ಬರೆದದ್ದು:

ಎಲ್ಲರದ್ದೂ ಓದಿದೆ, ಕೆಲವನ್ನು ಎರಡೆರಡು ಸಲ. ಹಾಸನದ ಅಣ್ಣ, ನಿಮ್ಮದನ್ನು ನಮ್ಮ ಡ್ಯೂಟಿ ಡಾಕ್ಟರಿಗೂ ಓದಿ ಹೇಳಿದೆ. ತುಂಬಾ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ತಮಗೆ ಕಾಲೇಜಿನಲ್ಲಿ ಎದೆ ಒತ್ತುವುದು ಕಲಿಸಿದ್ದರು, ಹೊರಗೆ ಹೋಗಿ ಹೇಳುವುದನ್ನು ಯಾರೂ ಕಲಿಸಲಿಲ್ಲ ಎಂದರು.

ನಿನ್ನೆ ಸಿಸಿಟಿವಿ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆ. ಸಾಹೇಬರು ಮುಖ ಗಂಟು ಹಾಕಿದರು, ಆದರೆ ಬೇಡ ಅನ್ನಲಿಲ್ಲ. 6 ಗಂಟೆಯ ಆದೇಶದ ಪ್ರತಿ ತೋರಿಸಿದೆ, ಅದು ನಮಗಲ್ಲವಲ್ಲ ಎಂದರು. ವಕೀಲರು ಹೇಳಿದ್ದ ಹಾಗೇ ಆಯಿತು. ಚೀಟಿ ಮಾಡಿಸಿ ಎಂಎಲ್‌ಸಿ ಬರೆಸಿದೆ, ಕುತ್ತಿಗೆಯಲ್ಲಿ ಗುರುತು ಇನ್ನೂ ಸ್ವಲ್ಪ ಇತ್ತು. ಸಂಜೆ ಠಾಣೆಗೆ ಹೋದೆವು. ಐದು ಸಿಸ್ಟರ್‌ಗಳು, ಗ್ರೂಪ್ ಡಿ ಅಣ್ಣ, ಮತ್ತೆ ಯಜಮಾನರೂ ಬಂದರು, ನಾನು ಕರೆದಿರಲಿಲ್ಲ. ದೂರು ತೆಗೆದುಕೊಳ್ಳಲು ಎರಡೂವರೆ ಗಂಟೆ ಆಯಿತು. 2009ರ ಕಾಯ್ದೆಯ ಹೆಸರನ್ನು ನಾನೇ ಹೇಳಿ ಬರೆಸಿದೆ. ಎಫ್‌ಐಆರ್ ಪ್ರತಿ ಕೈಯಲ್ಲಿದೆ.

ಆ ಮಗನ ತಂಗಿ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದಳು. ಕೇಸ್ ವಾಪಸ್ ತೆಗೆದುಕೊಳ್ಳಿ ಎಂದು ಕೇಳಲಿಲ್ಲ. ಅಪ್ಪನಿಗೆ ಕೊನೆಯಲ್ಲಿ ನೋವಾಯಿತಾ ಅಂತ ಕೇಳಿದಳು. ಬರುವಾಗಲೇ ನಾಡಿ ಇರಲಿಲ್ಲಮ್ಮ, ನಾವು 35 ನಿಮಿಷ ಒತ್ತಿದೆವು, ಅವರಿಗೆ ಏನೂ ಗೊತ್ತಾಗಿರುವುದಿಲ್ಲ ಎಂದು ಹೇಳಿದೆ. ಅವಳು ಅತ್ತಳು, ನಾನೂ ಅತ್ತೆ.

ಹವಾಲ್ದಾರ್ ಅವರೇ, ಎರಡನೇ ಬಾಗಿಲು ನಮ್ಮಲ್ಲೂ ಇದೆ. ಅದಕ್ಕೆ ಅಡ್ಡ ಎರಡು ಹಳೆ ಆಕ್ಸಿಜನ್ ಸಿಲಿಂಡರ್ ಮತ್ತು ಒಂದು ಮುರಿದ ಸ್ಟ್ರೆಚರ್ ಇತ್ತು. ಇವತ್ತು ಮಧ್ಯಾಹ್ನ ಸರಿಸಿದೆವು. ಬೀಗದ ಕೈ ಮಾತ್ರ ಯಾರ ಹತ್ತಿರ ಇದೆ ಅಂತ ಗೊತ್ತಾಗಿಲ್ಲ, ನಾಳೆ ಬೀಗ ಒಡೆಸುತ್ತೇವೆ.